ಕೊಟ್ಟಿಗೆಯ ಅಂಚೆಯೂ ಅಮಾನ್ಯ ಅಕ್ಷರವೂ

ನನ್ನ ಷಡ್ಡಕರಿಗೆ ಹುಚ್ಚು ಎಂದು ನಾನು ಎಲ್ಲಿಯೂ ಹೇಳಿಲ್ಲ. ಹಾಗೆ ಹೇಳುವ ಹಕ್ಕು ಅವರ ಕೈಹಿಡಿದ ನನ್ನ ಅತ್ತಿಗೆಗೆ ಮೀಸಲು. ಅವರು ಅದನ್ನು ಬೆಳಗಿನ ಕಾಫಿಯ ಜೊತೆಗೊಮ್ಮೆ, ಸಂಜೆ ದೀಪ ಹಚ್ಚುವಾಗೊಮ್ಮೆ ತಪ್ಪದೆ ಚಲಾಯಿಸುತ್ತಾರೆ. ನಾನು ಹೇಳುವುದು ಇಷ್ಟೇ: ಕಳ್ಳರನ್ನು ಹಿಡಿಯಲು ಪೊಲೀಸರಿದ್ದಾರೆ, ಗಡಿ ಕಾಯಲು ಸೈನಿಕರಿದ್ದಾರೆ. ಇಮೇಲಿನೊಳಗೆ ನುಸುಳಿ ಬರುವ ಕೆಟ್ಟ ಅಕ್ಷರಗಳನ್ನು ಬಾಗಿಲಲ್ಲೇ ತಡೆದು ‘ಯಾರಯ್ಯಾ ನೀನು?’ ಎಂದು ವಿಚಾರಿಸಲು ಮಾತ್ರ ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರಿದ್ದಾರೆ. ಅವರು ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ಒಂದು ದನದ ಕೊಟ್ಟಿಗೆಯಲ್ಲಿ, ಲುಂಗಿ ಉಟ್ಟು ಕೂತಿದ್ದಾರೆ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಒಂದೇ ಮನೆಗೆ ಹೆಣ್ಣು ಕೇಳಿಕೊಂಡು ಹೋಗಿ ಸಿಕ್ಕಿಬಿದ್ದ ಇಬ್ಬರು ಗಂಡಸರ ನಡುವೆ ತಾನಾಗಿಯೇ ಹುಟ್ಟುವ ಸಹಾನುಭೂತಿಗೆ ನಮ್ಮ ಹಿರಿಯರು ಇಟ್ಟ ಹೆಸರದು. ಹೀಗಾಗಿ ಅವರ ಬಗ್ಗೆ ಬರೆಯಲು ನನಗಿಂತ ಯೋಗ್ಯ ಸಾಕ್ಷಿ ಬೇರೆ ಸಿಗುವುದಿಲ್ಲ.

ಅವರದು ಪುಟ್ಟೇನಹಳ್ಳಿಯ ಹಳೆಯ ರೈತ ಮನೆತನ. ಅಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ತೋಟದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಬೆಳೆದು ನಿಂತಿವೆ. ನೀರು ಹಾಕದಿದ್ದರೂ ವರ್ಷಪೂರ್ತಿ ಫಸಲು. ಒಂದು ಕಾಲದಲ್ಲಿ ಯಾವುದೋ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದವರು, ಸ್ವಯಂನಿವೃತ್ತಿ ತೆಗೆದುಕೊಂಡು ಮನೆಗೆ ಬಂದರು. ಬಾಡಿಗೆ ಬರುವ ಮನುಷ್ಯನಿಗೆ ಬಿಡುವು ಜಾಸ್ತಿ. ಅಂಥವರು ಸಾಮಾನ್ಯವಾಗಿ ರಾಜಕೀಯವನ್ನೋ ಇಸ್ಪೀಟನ್ನೋ ದೇವಸ್ಥಾನದ ಜೀರ್ಣೋದ್ಧಾರವನ್ನೋ ಹಿಡಿಯುತ್ತಾರೆ. ಇವರು ಹಿಡಿದದ್ದು ಮೇಲ್ ಸರ್ವರನ್ನು!

ಊರಿಗೊಂದು ಅಂಚೆ ಕಚೇರಿ ಇದ್ದ ಹಾಗೆ ಇಮೇಲಿಗೂ ಅಂಚೆ ಕಚೇರಿ ಬೇಕು. ಅದೇ ಮೇಲ್ ಸರ್ವರ್. ನಿಮ್ಮ ನಮ್ಮಂಥ ಸಾಮಾನ್ಯರು ದೊಡ್ಡ ಕಂಪನಿಗಳ ಅಂಚೆ ಕಚೇರಿಯಲ್ಲಿ ಪುಕ್ಕಟೆ ಖಾತೆ ತೆರೆದು ಸುಖವಾಗಿದ್ದೇವೆ. ಷಡ್ಡಕರು ಮಾತ್ರ “ನಮ್ಮನೆ ಕಾಗದ ಪರರ ಮನೇಲಿ ಯಾಕೆ ಮಲಗ್ಬೇಕು ಬ್ರದರ್?” ಎಂದು ಕೇಳಿ, ಹಸು ಮಾರಿ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಸುಣ್ಣ ಹೊಡೆಸಿ, ಗೋದಲಿಯ ಮೇಲೆ ಹಲಗೆ ಹಾಸಿ, ಸ್ವಂತ ಸರ್ವರ್ ಸ್ಥಾಪಿಸಿದರು. ನಮ್ಮ ಬಂಧುವರ್ಗಕ್ಕೆಲ್ಲ ಒಂದೊಂದು ವಿಳಾಸ ದಯಪಾಲಿಸಿದರು. ಅವರ ತಾಯಿ ಇಂದಿಗೂ ಸೋಮವಾರ ಬೆಳಗ್ಗೆ ಆ ಯಂತ್ರಕ್ಕೆ ಧೂಪ ಹಾಕುತ್ತಾರೆ. ಹಸುವಿಗೆ ಹಾಕುತ್ತಿದ್ದ ಧೂಪ, ಜಾಗದ ಋಣ. ಒಂದು ಆಯುಧಪೂಜೆಯ ದಿನ ಕುಂಕುಮವೆಲ್ಲ ಯಂತ್ರದ ಫ್ಯಾನಿನೊಳಗೆ ಹೋಗಿ, ಇಡೀ ಕುಟುಂಬದ ಪತ್ರವ್ಯವಹಾರ ಸಂಜೆಯವರೆಗೆ ನಿಂತುಹೋಯಿತು. ತಾಯಿ ಮಾತ್ರ ತಣ್ಣಗೆ ಹೇಳಿದರಂತೆ: “ಅಬ್ಬದ ದಿನ ಅದ್ಕೂ ರಜ ಬ್ಯಾಡ್ವೇನ್ಲಾ?”

ಇಷ್ಟಾಗಿದ್ದರೆ ಹವ್ಯಾಸ ಎಂದು ಬಿಡಬಹುದಿತ್ತು. ಆದರೆ ಷಡ್ಡಕರಿಗೆ ಒಂದು ಸಿದ್ಧಾಂತವೂ ಇದೆ. ಹವ್ಯಾಸವಿರುವ ಮನುಷ್ಯನ ಜೊತೆ ಬಾಳಬಹುದು. ಸಿದ್ಧಾಂತವಿರುವವನ ಜೊತೆ ಬಾಳುವ ಕಷ್ಟವನ್ನು ನೀವು ಅತ್ತಿಗೆಯನ್ನು ಕೇಳಬೇಕು.

ಆ ಸಿದ್ಧಾಂತದ ಉಪದೇಶ ನನಗಾದದ್ದು ಅವರ ಮನೆಯ ಊಟದ ಎಲೆಯ ಮುಂದೆ. ಇಮೇಲುಗಳಲ್ಲಿ ಕೆಲವೊಮ್ಮೆ ಅಕ್ಷರವೇ ಅಲ್ಲದ ಅಕ್ಷರಗಳು ಬರುತ್ತವಂತೆ. ಯಾವ ಭಾಷೆಗೂ ಸೇರದವು, ಯಾವ ಲೆಕ್ಕಕ್ಕೂ ಸಿಗದವು. ಅವಕ್ಕೆ ಅಮಾನ್ಯ ಅಕ್ಷರಗಳೆಂದು ಹೆಸರು. ಅಂಥದೊಂದು ಬಂದಾಗ ಸರ್ವರ್ ಏನು ಮಾಡಬೇಕು?

“ಅನ್ನದಲ್ಲಿ ಕಲ್ಲು ಸಿಕ್ತು ಅನ್ಕೊಳ್ಳಿ ಬ್ರದರ್,” ಎಂದು ಅವರು ಸಾರು ಕಲಸುವುದನ್ನು ನಿಲ್ಲಿಸಿದರು. “ಒಂದು ಮತದವರು ಏನ್ಮಾಡ್ತಾರೆ? ಯಾರಿಗೂ ಗೊತ್ತಾಗದ ಹಾಗೆ ಕಲ್ಲು ತೆಗೆದು ಎಲೆ ಕೆಳಗೆ ತುರುಕ್ತಾರೆ. ಇನ್ನೊಂದು ಮತದವರು ಕಲ್ಲು ತೆಗೆದು ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಡ್ತಾರೆ. ನಿಮ್ಮ ದೊಡ್ಡ ಕಂಪನಿಗಳು ಮಾಡೋದು ಅದೇನೇ. ಕಪ್ಪು ವಜ್ರದ ಒಳಗೆ ಒಂದು ಪ್ರಶ್ನೆ ಗುರುತು ಬರುತ್ತಲ್ಲ, ನೋಡಿಲ್ವಾ? ‘ಇಲ್ಲೇನೋ ಇತ್ತು, ನಮಗೆ ತಿಳೀಲಿಲ್ಲ, ನಮ್ಮನ್ನ ಕೇಳಬೇಡಿ’ ಅಂತ ಅದರ ಅರ್ಥ.”

“ಮೂರನೇ ಮತ?”

“ಎಲೆ ಸಮೇತ ವಾಪಸ್ ಕಳಿಸೋದು! ‘ಅಮ್ಮಾ, ಇದರಲ್ಲಿ ಕಲ್ಲಿದೆ, ಇಂಥ ಕಡೆ ಇದೆ, ಆರಿಸಿ ಮತ್ತೆ ಬಡಿಸು, ಸಂತೋಷವಾಗಿ ಉಣ್ತೀನಿ’ ಅಂತ ಅಡುಗೆ ಮಾಡಿದವರಿಗೇ ಹೇಳೋದು. ಅದೊಂದೇ ಧರ್ಮ. ಬೇರೆಯವರ ಪತ್ರ ಕದ್ದು ತಿದ್ದೋಕೆ ನಾವ್ಯಾರು? ತಾಂಬೂಲಕ್ಕೆ ನೂರೈವತ್ತು ಕಾಯಿ ಅಂತ ಬರೆದಿದ್ದಾರೆ, ಸೊನ್ನೆ ಕೆಟ್ಟಿದೆ ಅಂತ ಕಿತ್ತು ಹಾಕಿದ್ರೆ ಹದಿನೈದು ಕಾಯಿಗೆ ಮದುವೆ ಮನೆ ಏನಾಗ್ಬೇಕು?”

ಅತ್ತಿಗೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಇವರು ಮೂರನೇ ಮತದವರು. ಅದಕ್ಕೇ ನಾನು ಇವರನ್ನ ಊಟಕ್ಕೆ ಎರಡನೇ ಸಲ ಕರಿಯೋಲ್ಲ,” ಎಂದು ಒಳಗೆ ಹೋದರು.

ಮೂರನೇ ಮತದ ಪ್ರಕಾರ ವಾಪಸು ಹೋಗುವ ಪತ್ರದ ಜೊತೆಗೆ ಒಂದು ಒಕ್ಕಣೆ ಇರುತ್ತದೆ. ಅದನ್ನು ಷಡ್ಡಕರೇ ರಚಿಸಿದ್ದು: ‘ಮಾನ್ಯರೇ, ತಮ್ಮ ಪತ್ರದ ಇಂಥ ಸಾಲಿನಲ್ಲಿ ಅಮಾನ್ಯ ಅಕ್ಷರವಿರುವ ಕಾರಣ ಪತ್ರವನ್ನು ಸ್ವೀಕರಿಸಲಾಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ತಿದ್ದಿ ಕಳುಹಿಸಿದಲ್ಲಿ ಆದರದಿಂದ ಬರಮಾಡಿಕೊಳ್ಳಲಾಗುವುದು.’ ಓದಲು ಎಷ್ಟು ಗಂಭೀರವಾಗಿದೆ ನೋಡಿ! ಇದರಿಂದ ಆದ ಅನಾಹುತಗಳು ಮಾತ್ರ ಅಷ್ಟು ಗಂಭೀರವಾಗಿರಲಿಲ್ಲ.

ಅಮೃತಹಳ್ಳಿಯಲ್ಲಿ ಅವರ ದಾಯಾದಿಯೊಬ್ಬರು ಮಗಳ ಮದುವೆಯ ಕರೆಯೋಲೆಯನ್ನು ಇಮೇಲ್ ಮಾಡಿದರು. ಮೇಲ್ಭಾಗದಲ್ಲಿ ಗಣಪತಿ, ಸುತ್ತ ಬಳ್ಳಿ. ಆ ಬಳ್ಳಿಯ ಯಾವುದೋ ಎಲೆ ಅಮಾನ್ಯವಾಗಿತ್ತು. ಸರ್ವರ್ ಕರೆಯೋಲೆಯನ್ನು ವಾಪಸು ಮಾಡಿತು, ವಿಷಾದದ ಸಮೇತ. ಅಮೃತಹಳ್ಳಿಯವರು ಯೋಚಿಸಿದರು. ಮದುವೆಯ ಓಲೆಯನ್ನು ಸ್ವೀಕರಿಸಲು ಆಗುವುದಿಲ್ಲ, ಜೊತೆಗೆ ವಿಷಾದ ಎಂದರೆ ಏನರ್ಥ? ಸೂತಕ! ಸೂತಕವೆಂದರೆ ಯಾರು? ಮನೆಯಲ್ಲಿ ವಯಸ್ಸಾದವರು ಒಬ್ಬರೇ ತಾನೇ? ಅದೇ ಮಧ್ಯಾಹ್ನ ಒಂದು ಕಾರು ತುಂಬ ಜನ, ಜೋಲು ಮುಖ, ಕೈಯಲ್ಲಿ ಹೂವಿನ ಹಾರ, ಪುಟ್ಟೇನಹಳ್ಳಿಗೆ ಬಂದಿಳಿದರು. ಗೇಟಿನ ಬಳಿ ಎದುರಾದವರು ಷಡ್ಡಕರ ತಾಯಿಯೇ.

“ಅಮ್ಮಾ… ನೀವು… ಹೋದ್ರಿ ಅಂತ…”

“ಊಂ ಕಣಪ್ಪಾ, ಓಗಿದ್ದೆ, ಸೊಪ್ಪು ತರಾಕೆ. ಈಗ್ ಬಂದೆ. ಆರ ಯಾರ್ಗೆ?”

ಬಂದವರು ಸಮಯಸ್ಫೂರ್ತಿಯಿಂದ ಹಾರವನ್ನು ಅವರ ಕೊರಳಿಗೇ ಹಾಕಿ, ಕಾಲಿಗೆ ಬಿದ್ದು, ಮದುವೆಗೆ ಕರೆದು ಹೋದರು. ಷಡ್ಡಕರ ಪ್ರಕಾರ ಇದು ಅವರ ಸಿದ್ಧಾಂತಕ್ಕೆ ಸಿಕ್ಕ ಜಯ. “ಇಮೇಲಲ್ಲಿ ಕರೆಯೋರು ಮನೆಗೇ ಬಂದು ಕರೆದ್ರಲ್ಲ!”

ಇನ್ನೊಮ್ಮೆ ನೀರು ಶುದ್ಧಿ ಯಂತ್ರ ಮಾರುವ ಕಂಪನಿಯ ಜಾಹೀರಾತು ಇಮೇಲ್ ಬಂತು. ನಾವಾದರೆ ಅಳಿಸುತ್ತೇವೆ. ಸರ್ವರ್ ಅದನ್ನು ವಾಪಸು ಕಳಿಸಿತು. ಅವರು ತಿದ್ದದೆ ಮತ್ತೆ ಕಳಿಸಿದರು. ಸರ್ವರ್ ಮತ್ತೆ ವಾಪಸು ಮಾಡಿತು. ಕೊನೆಗೆ ಷಡ್ಡಕರು ತಾವೇ ಫೋನ್ ಮಾಡಿ, “ನಿಮ್ಮ ಜಾಹೀರಾತಿನ ಮೂರನೇ ಸಾಲಲ್ಲಿ ಒಂದು ದೋಷ ಇದೆ” ಎಂದರು. ಜಾಹೀರಾತು ನೋಡಿ ತಾನಾಗಿ ಫೋನ್ ಮಾಡಿದ ಮೊದಲ ಪ್ರಾಣಿ ಎಂದು ಆ ಹುಡುಗಿಗೆ ಆನಂದಬಾಷ್ಪ ಬಂದಿರಬೇಕು. ಒಂದು ಗಂಟೆಯ ಸಂಭಾಷಣೆಯ ಕೊನೆಗೆ ಅಮಾನ್ಯ ಅಕ್ಷರ ಹೋಯಿತು, ಮನೆಗೆ ನೀರು ಶುದ್ಧಿ ಯಂತ್ರ ಬಂತು.

ಇಂಥ ಅಂಚೆ ಕಚೇರಿಯಲ್ಲಿ ಯಾರು ನಿಲ್ಲುತ್ತಾರೆ? ಬಂಧುಗಳು ಒಬ್ಬೊಬ್ಬರಾಗಿ ದೊಡ್ಡ ಕಂಪನಿಗಳ ಕಡೆ ಜಾರಿಕೊಂಡರು. ನಾನೂ ಜಾರಿದೆ. ಜಾರಿದ ವಾರವೇ ಷಡ್ಡಕರು ಆರ್.ಟಿ. ನಗರದ ನಮ್ಮ ಮನೆಗೆ ಹಳೆಯ ಸ್ಕೂಟರಿನಲ್ಲಿ ಬಂದು, ಕಾಫಿ ಕುಡಿದು, ಹೊರಡುವಾಗ ಮೆಲ್ಲಗೆ, “ನಿಮ್ಮ ವಿಳಾಸ ಯಾರಿಗೂ ಕೊಟ್ಟಿಲ್ಲ ಬ್ರದರ್. ಖಾಲಿ ಇಟ್ಟಿದ್ದೀನಿ” ಎಂದರು. ನನ್ನ ಹೆಂಡತಿ, “ಅವರಿಗೆ ಬಾಡಿಗೆದಾರರು ಹೋದ ಸಂಕಟ ಕಣ್ರೀ” ಎಂದಳು. ಕೊನೆಗೆ ಆ ಸರ್ವರಿನಲ್ಲಿ ಉಳಿದ ಪ್ರಜೆಗಳು ಇಬ್ಬರೇ: ಷಡ್ಡಕರು ಮತ್ತು ಅತ್ತಿಗೆ. ಇವರಿಗೆ ತಪ್ಪದೆ ಪತ್ರ ಬರೆಯುತ್ತಿದ್ದವರು ಜಗತ್ತಿನಲ್ಲಿ ಒಬ್ಬರೇ. ನಮ್ಮ ಮಾವನವರು.

ಮಾವನವರು ಯಶವಂತಪುರದಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದವರು. ಆ ಸೀಮೆಯ ಅರ್ಧದಷ್ಟು ಗುಮಾಸ್ತರು ಅವರ ಕೈಯಲ್ಲಿ ಕನ್ನಡ ಟೈಪಿಂಗ್ ಕಲಿತು, ಬೆರಳ ಗಂಟಿನ ಮೇಲೆ ಅಡಿಪಟ್ಟಿಯ ಪೆಟ್ಟು ತಿಂದು ಸರ್ಕಾರಿ ನೌಕರಿ ಸೇರಿದವರು. ಶಾಲೆ ಮುಚ್ಚಿದ ಮೇಲೆ ಸೋಲದೇವನಹಳ್ಳಿಯ ಮಗನ ಮನೆಯಲ್ಲಿದ್ದಾರೆ. ಅಲ್ಲಿ ಅವರದೊಂದು ಹಳೆಯ ಕಂಪ್ಯೂಟರ್. ಹಳೆಯ ಟೈಪ್‌ರೈಟರಿನ ಕೀಲಿಮಣೆಯ ಕ್ರಮವನ್ನೇ ಅದಕ್ಕೆ ಅಳವಡಿಸಿ, ಅವರು ಒತ್ತಿದ್ದನ್ನು ಇಂದಿನ ಕನ್ನಡಕ್ಕೆ ತಿರುಗಿಸಿ ಕಳಿಸುವ ವ್ಯವಸ್ಥೆ ಮಾಡಿಕೊಟ್ಟವರು ಷಡ್ಡಕರೇ. ಭಾನುವಾರ ಬೆಳಗ್ಗೆ ಮಕ್ಕಳಿಗೂ ಅಳಿಯಂದಿರಿಗೂ ಒಂದು ಪತ್ರ ಹೋಗಲೇಬೇಕು. ಹೆಸರಘಟ್ಟ ರಸ್ತೆಯ ಗುಂಡಿ, ಕಾಲೇಜು ಹುಡುಗರ ಬೈಕು, ಸೊಸೆಯ ಬಸ್ಸಾರು, ಎಲ್ಲದರ ವಿಮರ್ಶೆ ಅದರಲ್ಲಿರುತ್ತಿತ್ತು. ಇಷ್ಟು ವರ್ಷಗಳಲ್ಲಿ ಷಡ್ಡಕರ ಸರ್ವರ್ ಅವರ ಒಂದೇ ಒಂದು ಅಕ್ಷರವನ್ನು ತಡೆದಿರಲಿಲ್ಲ. “ಅಚ್ಚಿನಲ್ಲಿ ತೆಗೆದ ಹೋಳಿಗೆ ಥರ ಇರುತ್ತೆ ಮಾವನ ಪತ್ರ” ಎಂದು ಷಡ್ಡಕರೇ ಹೊಗಳುತ್ತಿದ್ದರು.

ಒಂದು ಭಾನುವಾರ ಸರ್ವರ್ ತಡೆಯಿತು.

ಸೋಲದೇವನಹಳ್ಳಿಯಲ್ಲಿ ಸೊಸೆ ಆ ಒಕ್ಕಣೆಯನ್ನು ಗಟ್ಟಿಯಾಗಿ ಓದಿ ಹೇಳಿದಳಂತೆ: ‘ತಮ್ಮ ಪತ್ರದ ಹನ್ನೊಂದನೇ ಸಾಲಿನಲ್ಲಿ ಅಮಾನ್ಯ ಅಕ್ಷರವಿರುವ ಕಾರಣ…’ ಒಬ್ಬ ಟೈಪಿಂಗ್ ಮೇಷ್ಟ್ರಿಗೆ! ಅಳಿಯನ ಕೊಟ್ಟಿಗೆಯಿಂದ! ಬಾಣಸಿಗನಿಗೆ ಉಪ್ಪು ಹಾಕಲು ಬರುವುದಿಲ್ಲ ಎನ್ನಬಹುದು, ಸಂಗೀತ ವಿದ್ವಾಂಸರಿಗೆ ಶ್ರುತಿ ಹಿಡಿಯಲು ಬರುವುದಿಲ್ಲ ಎನ್ನಬಹುದು, ಅವರು ಕ್ಷಮಿಸಿಯಾರು. ಮಾವನವರು ಕ್ಷಮಿಸುವ ಜಾತಿಯವರಲ್ಲ. “ನನ್ನ ಅಕ್ಷರ ಅವನ ಮನೆ ಹೊಸಿಲು ದಾಟಬಾರದಂತೆ. ಸರಿ, ನಾನೂ ದಾಟೋಲ್ಲ” ಎಂದು ಫೋನಿನಲ್ಲಿ ಮಗಳಿಗೆ ಹೇಳಿ ಇಟ್ಟುಬಿಟ್ಟರು. ಮುಂದಿನ ಭಾನುವಾರ ಯಾರಿಗೂ ಪತ್ರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಅತ್ತಿಗೆ ಕೊಟ್ಟಿಗೆಗೆ ನಡೆದರು. “ನೋಡ್ರೀ, ನಿಮ್ಮ ಮಿಷನ್ನಿಗಿಂತ ನಮ್ಮಪ್ಪ ದೊಡ್ಡೋರು. ನೀವಾಗಿ ಹೋಗಿ ಸಮಾಧಾನ ಮಾಡಿ ಬನ್ನಿ. ಅವರು ಮತ್ತೆ ಪತ್ರ ಬರೀಬೇಕು. ಇಲ್ದಿದ್ರೆ ಇದನ್ನ ಎತ್ತಿ ಆಚೆ ಇಟ್ಟು ಎಮ್ಮೆ ತಂದು ಕಟ್ತೀನಿ.”

“ನಿಯಮ ಅಂದ್ರೆ ನಿಯಮ ಕಣೇ. ಮಾವ ಅಂತ ಒಂದು ನಿಯಮ, ಮಾರ್ಕೆಟ್‌ನೋರು ಅಂತ ಒಂದು ನಿಯಮ ಇರೋಕಾಗುತ್ತಾ?”

“ಮುರ್ರಾ ಎಮ್ಮೆ. ಹತ್ತು ಲೀಟರ್ ಕೊಡುತ್ತಂತೆ,” ಎಂದರು ಅತ್ತಿಗೆ.

ಮರುದಿನವೇ ಷಡ್ಡಕರು ಸ್ಕೂಟರ್ ತೆಗೆದರು. ರಾಯಭಾರಿಯಾಗಿ ಹಿಂದಿನ ಸೀಟಿನಲ್ಲಿ ನಾನು. ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಟ್ಟು ಕಾಗದ. ಮೇಲ್ ಸರ್ವರುಗಳು ಅಮಾನ್ಯ ಅಕ್ಷರಗಳೊಡನೆ ಹೇಗೆ ವರ್ತಿಸಬೇಕೆಂಬ ಅಂತರರಾಷ್ಟ್ರೀಯ ನಿಯಮಾವಳಿಯ ಮುದ್ರಿತ ಪ್ರತಿ. ಕೋಪಗೊಂಡ ಮಾವನ ಮನೆಗೆ ಜನ ಹಣ್ಣು ಒಯ್ಯುತ್ತಾರೆ. “ಹಣ್ಣು ಬೇಡ್ವಾ?” ಎಂದೆ. “ಲಂಚ ಆಗುತ್ತೆ ಬ್ರದರ್,” ಎಂದರು.

ಮಾವನವರು ತಮ್ಮ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆಯೇ ಕೂತಿದ್ದರು. ಹೆಜ್ಜೆ ಸಪ್ಪಳಕ್ಕೆ ತಲೆ ಎತ್ತಿದರು.

“ಯಾರು, ಪೋಸ್ಟ್ ಮಾಸ್ಟರ್ರಾ?”

“ನಾನೇ ಮಾವ.”

“ಅಲ್ಲೇ ನಿಲ್ಲು. ನಿನ್ನ ಮೈಮೇಲೆ ಅಮಾನ್ಯವಾದ್ದು ಏನಾದ್ರೂ ಇದೆಯಾ ವಿಚಾರ್ಸಿ ಆಮೇಲೆ ಒಳಗೆ ಬಿಟ್ಕೋತೀನಿ.”

ನಾನು ನಕ್ಕೆ; ನಕ್ಕಿದ್ದು ತಪ್ಪಾಯಿತು. “ನೀನೂ ಬಂದಿದ್ದೀಯೋ, ಸಾಕ್ಷಿಗೆ?” ಎಂದು ನನಗೂ ಒಂದು ಬಿತ್ತು. ಷಡ್ಡಕರು ಬಾಗಿಲಲ್ಲೇ ನಿಂತು ಅನ್ನ, ಕಲ್ಲು, ಮೂರು ಮತಗಳು, ಎಲ್ಲವನ್ನೂ ಶ್ರದ್ಧೆಯಿಂದ ಹೇಳತೊಡಗಿದರು. ಎರಡನೇ ಮತಕ್ಕೆ ಬರುವಷ್ಟರಲ್ಲಿ ಮಾವನವರು ಮೇಜು ಕುಟ್ಟಿದರು.

“ಸಾಕು ನಿಲ್ಸಯ್ಯಾ ನಿನ್ನ ಹರಿಕಥೆ! ಅದೇ ಪತ್ರ ಇಲ್ಲೇ ತೆಗೆದಿಟ್ಟಿದ್ದೀನಿ. ಬಾ ಹತ್ರ. ಹನ್ನೊಂದನೇ ಸಾಲು. ಎಲ್ಲಿದೆ ನಿನ್ನ ಅಮಾನ್ಯ ಅಕ್ಷರ, ತೋರ್ಸು!”

ಹೇಳುತ್ತ ಅವರು ತೋರುಬೆರಳನ್ನು ಪರದೆಯ ಮೇಲೆ ಇಟ್ಟು, ಮೇಷ್ಟ್ರುಗಳು ಪಾಠ ಓದಿಸುವಾಗ ಮಾಡುತ್ತಾರಲ್ಲ ಹಾಗೆ, ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದರು. “ಇದು ಸರಿ ಇಲ್ವಾ? ಇದು? ಇದು?”

ಪರದೆ ಆರಿಹೋಗಿತ್ತು. ಬಹಳ ಹೊತ್ತು ಮುಟ್ಟದೆ ಬಿಟ್ಟ ಕಂಪ್ಯೂಟರುಗಳು ನಿದ್ದೆ ಹೋಗುತ್ತವಲ್ಲ, ಹಾಗೆ ಪೂರ್ತಿ ಕಪ್ಪಾಗಿತ್ತು. ಆ ಕಪ್ಪಿನಲ್ಲಿ ಕಿಟಕಿಯ ಬೆಳಕು ಕಾಣುತ್ತಿತ್ತು, ಮಾವನವರ ಸಿಟ್ಟಿನ ಮುಖ ಕಾಣುತ್ತಿತ್ತು, ಹಿಂದೆ ನಿಂತ ಇಬ್ಬರು ಅಳಿಯಂದಿರು ಕಾಣುತ್ತಿದ್ದೆವು. ಅಕ್ಷರ ಒಂದೂ ಇರಲಿಲ್ಲ. ಬೆರಳು ಮಾತ್ರ ಸಾಲು ಹಿಡಿದು ಹೋಗುತ್ತಲೇ ಇತ್ತು.

ನಾನು ಏನಾದರೂ ಹೇಳಿ ತೇಲಿಸಿಬಿಡೋಣ ಎಂದು ಬಾಯಿ ತೆರೆದೆ. ‘ಹೌದು ಮಾವ, ಸರಿಯಾಗೇ ಇದೆ’ ಎಂದರೆ ಮುಗಿಯುತ್ತಿತ್ತು. ಕೋಪವೂ ಮುಗಿಯುತ್ತಿತ್ತು, ಎಮ್ಮೆಯೂ ತಪ್ಪುತ್ತಿತ್ತು. ಷಡ್ಡಕರು ನನ್ನ ಕಾಲು ತುಳಿದರು. ಕವರನ್ನು ನೆಲಕ್ಕಿಟ್ಟು, ಕುರ್ಚಿಯ ಪಕ್ಕ ಮೊಣಕಾಲೂರಿ ಕೂತರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಮಾವ, ಯಾವಾಗಿಂದ?”

“ಏನು ಯಾವಾಗಿಂದ?”

“ಕಾಣ್ತಿಲ್ಲ.”

ಬೆರಳು ಪರದೆಯ ಮೇಲೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮಡಿಲಿಗೆ ಇಳಿಯಿತು.

“ಬಲಗಣ್ಣು ಸಂಕ್ರಾಂತಿಗೇ ಹೋಯ್ತು ಕಣಯ್ಯಾ. ಎಡಗಣ್ಣಲ್ಲಿ ಬೆಳಕು ನೆರಳು ಗೊತ್ತಾಗುತ್ತೆ, ಅಷ್ಟೇ. ಟೈಪ್ ಮಾಡೋಕೆ ಕಣ್ಣು ಬೇಡ. ಕೀಲಿಮಣೆ ನೋಡೋ ಹುಡುಗರಿಗೆ ನಾನೇ ಹೊಡೀತಿದ್ದೆ. ಆದ್ರೆ ಬೆರಳು ಒಂದು ಮನೆ ಆಚೆ ಕೂತ್ರೆ, ಆಚೆ ಕೂತಿದೆ ಅಂತ ಹೇಳೋಕೆ ಕಣ್ಣು ಬೇಕು ನೋಡು.” ಆಮೇಲೆ, ಬಾಗಿಲ ಕಡೆ ಒಮ್ಮೆ ಮುಖ ತಿರುಗಿಸಿ, ದನಿ ತಗ್ಗಿಸಿ ಹೇಳಿದರು: “ಮನೇಲಿ ಹೇಳಿಲ್ಲ. ಹೇಳಿದ್ರೆ ಇದನ್ನ ಎತ್ತಿಟ್ಟು, ತಟ್ಟೆಗೆ ಕಲಸಿ ಹಾಕಿ ಕೂರಿಸ್ತಾರೆ. ಭಾನುವಾರ ಏನ್ಮಾಡ್ಲಿ ಆಗ?”

ಮನೆಗೆ ಬಂದು ನಾನು ಫೋನಿನಲ್ಲಿ ಮಾವನವರ ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಸರ್ವರ್ ತಡೆದ ಆ ಪತ್ರ ನಮಗೂ ಬಂದಿತ್ತು. ನಮ್ಮ ದೊಡ್ಡ ಕಂಪನಿ ಅದನ್ನು ತಡೆದಿರಲಿಲ್ಲ. ಹನ್ನೊಂದನೇ ಸಾಲಿನಲ್ಲಿ ಕಪ್ಪು ವಜ್ರಗಳು ಒಡವೆ ಅಂಗಡಿಯಂತೆ ಹರಡಿದ್ದವು. ಅದರ ಕೆಳಗೆ ಮನೆಮಂದಿಯ ಉತ್ತರಗಳು: ‘ಸೂಪರ್ ಅಪ್ಪಾ’, ‘ಫಾಂಟ್ ಪ್ರಾಬ್ಲಮ್ ಅನ್ಸುತ್ತೆ, ಆದ್ರೂ ಚೆನ್ನಾಗಿದೆ’, ಮತ್ತು ಎತ್ತಿದ ಹೆಬ್ಬೆರಳುಗಳು. ಒಂದು ಹೆಬ್ಬೆರಳು ನನ್ನದು.

ಷಡ್ಡಕರು ಮಾವನವರನ್ನು ಒಪ್ಪಿಸಿ, ಮನೆಯವರಿಗೆ ತಿಳಿಸಿ, ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಬಲಗಣ್ಣಿಗೆ ತಡವಾಯಿತೆಂದರು. ಎಡಗಣ್ಣಿಗೆ ಇನ್ನೂ ತಡವಾಗಿಲ್ಲ, ಇನ್ನು ಕೆಲವು ತಿಂಗಳು ಬಿಟ್ಟಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದರು. ಆಪರೇಷನ್ ಆಯಿತು. ಕಿಟಕಿ ಯಾವುದು, ಬಾಗಿಲು ಯಾವುದು, ಎದುರಿಗೆ ನಿಂತವನು ಹಿರಿಯಳಿಯನೋ ಕಿರಿಯಳಿಯನೋ ಎಂಬಷ್ಟು ಈಗ ಕಾಣುತ್ತದೆ. ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲ. ಅದು ಇನ್ನು ಕಾಣುವುದೂ ಇಲ್ಲವಂತೆ.

ಷಡ್ಡಕರು ನಿಯಮವನ್ನು ಒಂದಿಷ್ಟೂ ಸಡಿಲಿಸಿಲ್ಲ. ಮಾವನವರ ಪತ್ರದಲ್ಲಿ ದೋಷವಿದ್ದರೆ ಸರ್ವರ್ ಇಂದಿಗೂ ವಾಪಸು ಕಳಿಸುತ್ತದೆ. ಆದರೆ ಭಾನುವಾರ ಬೆಳಗ್ಗೆ ಷಡ್ಡಕರು ಕೊಟ್ಟಿಗೆಯಲ್ಲಿ ಇರುವುದಿಲ್ಲ. ಸೋಲದೇವನಹಳ್ಳಿಯಲ್ಲಿರುತ್ತಾರೆ. ಹೋದ ವಾರ ನಾನೂ ಹೋಗಿದ್ದೆ. ಮಾವನವರ ಕೀಲಿಮಣೆಯಲ್ಲಿ ತೋರುಬೆರಳುಗಳು ಕೂರಬೇಕಾದ ಎರಡು ಕೀಲಿಗಳ ಮೇಲೆ ಷಡ್ಡಕರು ಒಂದೊಂದು ರಾಗಿಕಾಳನ್ನು ಅಂಟಿಸಿದ್ದರು. ಮಾವನವರ ಬೆರಳುಗಳು ಗಾಳಿಯಲ್ಲಿ ಸ್ವಲ್ಪ ತಡಕಾಡಿದವು. ಷಡ್ಡಕರು ಎರಡನ್ನೂ ಹಿಡಿದು, ಮಗುವಿನ ಕೈ ಹಿಡಿದು ಅಕ್ಕಿಯಲ್ಲಿ ಬರೆಸುವ ಹಾಗೆ, ಒಂದೊಂದಾಗಿ ಕಾಳಿನ ಮೇಲೆ ಇಟ್ಟರು.

“ಕೂತ್ವಾ ಮಾವ?”

“ಕೂತ್ವು. ಕೈ ಬಿಡು.”

ಷಡ್ಡಕರು ಕೈ ಬಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಗೆ ಕಣ್ಣು ಕೊಟ್ಟರು. ಮಾವನವರು ಟೈಪ್ ಮಾಡತೊಡಗಿದರು. ಒಂದೊಂದು ಸಾಲು ಮುಗಿದಾಗಲೂ ಷಡ್ಡಕರು ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನಾಲ್ಕನೇ ಸಾಲಿಗೆ ಮಾವನವರ ಕೈ ನಿಂತಿತು.

“ಗೂನು ಹಾಕ್ಕೊಂಡು ಕೂತಿದ್ದೀಯ. ದನಿಯಲ್ಲೇ ಗೊತ್ತಾಗುತ್ತೆ. ಬೆನ್ನು ನೆಟ್ಟಗೆ ಮಾಡು.”

ಜಗತ್ತಿನ ಯಾರ ಮಾತನ್ನೂ ಕೇಳದ ಮನುಷ್ಯ, ತಟಕ್ಕನೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಐದನೇ ಸಾಲಿಗೆ ಕಾದು ಕೂತರು.